ಎಲೆಯನ್ನು ಕಾಣದ ಹೂವು

ಆರ್ಕಿಡ್ ಎಂದೊಡನೆ ಮಲೆನಾಡಿನವರಿಗೆ ನೆನಪಾಗುವುದು ಮರದ ಕೊಂಬೆಯಿಂದ ಜೋಲುವ ಸೀತಾಳೆ ದಂಡೆ. ಆದರೆ ಆರ್ಕಿಡ್‌ಗಳೆಲ್ಲವೂ ಮರವನ್ನೇ ಆಶ್ರಯಿಸಿ ಬಾಳುವುದಿಲ್ಲ. ಮಣ್ಣಿನಲ್ಲಿಯೇ ಬೇರೂರುವವೂ ಅನೇಕ. ಪಶ್ಚಿಮ ಘಟ್ಟಗಳ ಕಾಡಿನ ನೆರಳಿನಲ್ಲಿ ಬೆಳೆಯುವ ನೆರ್ವಿಲಿಯಾ ಪ್ಲಿಕಾಟಾ ಅಂತಹುದೊಂದು ನೆಲದ ಆರ್ಕಿಡ್.

ಬೇಸಗೆಯಲ್ಲಿ ಈ ಸಸ್ಯದ ಕುರುಹೇ ನೆಲದ ಮೇಲೆ ಕಾಣದು. ತರಗೆಲೆಗಳ ಕೆಳಗೆ, ಮಣ್ಣಿನೊಳಗೆ, ಪುಟ್ಟ ಗಡ್ಡೆಯೊಂದು ಅಡಗಿರುತ್ತದೆ. ಮುಂಗಾರಿನ ಮೊದಲ ಮಳೆಗಳಿಗೆ ನೆಲ ತಣಿಯಿತೆಂದರೆ, ಆ ಗಡ್ಡೆಯಿಂದ ಎಲೆಯಿಲ್ಲದ ದಂಟೊಂದು ಮೇಲೇಳುತ್ತದೆ. ಅದರ ತುದಿಯಲ್ಲಿ ಸಾಮಾನ್ಯವಾಗಿ ಎರಡು ಹೂಗಳು. ಮೂರು ಪುಷ್ಪಪತ್ರಗಳೂ ಎರಡು ದಳಗಳೂ ಕಿರಿದಾಗಿದ್ದು, ಹಸುರು ಬೆರೆತ ಕಂದು ಬಣ್ಣವನ್ನು ತಳೆದಿರುತ್ತವೆ. ಮೂರನೆಯ ದಳ ಮಾತ್ರ ಬೇರೆಯೇ ಬಗೆಯದು. ಅಗಲವಾದ, ತಿಳಿವರ್ಣದ ಅದನ್ನು ಸಸ್ಯಶಾಸ್ತ್ರಜ್ಞರು ‘ತುಟಿ’ ಎಂದು ಕರೆಯುತ್ತಾರೆ. ಕೀಟಕ್ಕೆ ಅದೇ ಪೀಠ. ಅದರ ಮೇಲ್ಗಡೆ ಕೇಸರವೂ ಶಲಾಕೆಯೂ ಬೆಸೆದು ಒಂದೇ ಕಂಬವಾಗಿವೆ. ಪರಾಗವು ಪುಡಿಯಾಗಿ ಉದುರದೆ ಪುಟ್ಟ ಮುದ್ದೆಗಳಾಗಿ ಕೀಟದ ಮೈಗೆ ಅಂಟಿಕೊಂಡು ಹೋಗುತ್ತದೆ.

ಹೂ ಬಾಡಿ ಕಾಯಿ ಕಚ್ಚಿದ ಮೇಲೆ ದಂಟು ಇನ್ನಷ್ಟು ಉದ್ದವಾಗುತ್ತದೆ. ಧೂಳಿನಂತಹ ಬೀಜಗಳನ್ನು ಗಾಳಿಗೆ ತೂರಲು ಆ ಎತ್ತರ ಅನುಕೂಲ. ಬೀಜದಲ್ಲಿ ಆಹಾರದ ಸಂಗ್ರಹವಿಲ್ಲ. ಮಣ್ಣಿನಲ್ಲಿರುವ ಒಂದು ಬಗೆಯ ಶಿಲೀಂಧ್ರದ ನೆರವು ದೊರೆತರೆ ಮಾತ್ರ ಅದು ಮೊಳೆಯಬಲ್ಲದು.

ಇಷ್ಟೆಲ್ಲ ಮುಗಿದ ಬಳಿಕ ಎಲೆಯ ಸರದಿ. ಅದೂ ಒಂದೇ ಒಂದು! ನೆಲಕ್ಕೆ ಒತ್ತಿಕೊಂಡು ಹರಡುವ ಈ ದುಂಡನೆಯ ಎಲೆಯ ತುಂಬ ನವಿರಾದ ರೋಮ, ಬೀಸಣಿಗೆಯಂತಹ ಮಡಿಕೆಗಳು. ಲ್ಯಾಟಿನ್ ಭಾಷೆಯಲ್ಲಿ ‘ನರ್ವಸ್’ ಎಂದರೆ ನರ, ‘ಪ್ಲಿಕಾಟಾ’ ಎಂದರೆ ಮಡಿಕೆಯುಳ್ಳದ್ದು. ಹೆಸರಿಟ್ಟವರು ಹೂವಿಗಿಂತ ಎಲೆಗೇ ಹೆಚ್ಚು ಮನಸೋತಂತೆ ತೋರುತ್ತದೆ. ಆದರೆ ಹೂವಿನೊಡನೆ ಎಲೆಯನ್ನೂ ಒಂದೇ ಹಾಳೆಯ ಮೇಲೆ ಒಣಗಿಸಿಡಲು ಹೊರಟ ಸಂಗ್ರಾಹಕರಿಗೆ ಈ ಸಸ್ಯ ಕೊಟ್ಟ ತೊಡಕು ಅಷ್ಟಿಷ್ಟಲ್ಲ.

ಮಳೆಗಾಲದ ಕೆಲವೇ ತಿಂಗಳುಗಳಲ್ಲಿ ಆ ಒಂಟಿ ಎಲೆಯೇ ಮುಂದಿನ ವರ್ಷದ ಆಹಾರವನ್ನು ಸಿದ್ಧಪಡಿಸಿ ಗಡ್ಡೆಗೆ ತುಂಬಬೇಕು. ನೆಲದೊಳಗೆ ಹರಿಯುವ ಕುಡಿಗಳ ತುದಿಯಲ್ಲಿ ಹೊಸ ಗಡ್ಡೆಗಳು ಮೂಡುವುದೂ ಆಗಲೇ. ದನಗಳ ಗೊರಸಿಗೋ ಕತ್ತಿಗೋ ಸಿಕ್ಕಿ ಅದು ಹರಿದರೆ, ಆ ಕೆಲಸಕ್ಕೆ ಬೇರೊಂದು ಎಲೆಯಿಲ್ಲ. ಮಳೆ ಹಿಂದೆಗೆದಂತೆ ಎಲೆಯೂ ಒಣಗಿ ಮರೆಯಾಗುತ್ತದೆ. ರಸ್ತೆಗೋ ಗಣಿಗೋ ಕಾಡನ್ನು ತೆರವು ಮಾಡುವ ಮುನ್ನ ಬೇಸಗೆಯಲ್ಲಿ ಸಸ್ಯಗಳ ಪಟ್ಟಿ ಮಾಡುವವರಿಗೆ ಅಲ್ಲಿ ಬರಿಯ ಮಣ್ಣಷ್ಟೇ ಕಂಡೀತು. ಈ ಆರ್ಕಿಡ್ ಅವರ ಪಟ್ಟಿಗೆ ಸೇರಬೇಕಾದರೆ ಅವರು ಮೊದಲ ಮಳೆಗೊಮ್ಮೆ, ನಡುಮಳೆಗಾಲದಲ್ಲಿ ಮತ್ತೊಮ್ಮೆ ಅದೇ ಕಾಡಿಗೆ ಹೋಗಬೇಕು.