ಲಾರಿ ಇದೆ, ಓಡಿಸುವವರು ಬೇಕಾಗಿದ್ದಾರೆ

ಮಕ್ಕಳೇ, ಇವತ್ತು ಊಟಕ್ಕೆ ಕೂರುವ ಮೊದಲು ಅಡುಗೆಮನೆಯ ಡಬ್ಬಿಗಳನ್ನು ಒಮ್ಮೆ ನೋಡಿ ಬನ್ನಿ. ಅಕ್ಕಿ ಗಂಗಾವತಿಯದಿರಬಹುದು, ಎಣ್ಣೆ ಚಳ್ಳಕೆರೆಯದು, ಮೆಣಸಿನಕಾಯಿ ಬ್ಯಾಡಗಿಯದು, ಟೊಮೆಟೊ ಕೋಲಾರದ್ದು. ಇವು ತಾವಾಗಿ ನಡೆದು ಬಂದವಲ್ಲ. ನಮ್ಮ ದೇಶದ ಸರಕಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸಾಗುವುದು ರಸ್ತೆಯ ಮೇಲೆ. ಅಂದರೆ ನಿಮ್ಮ ತಟ್ಟೆಗೂ ಹೊಲಕ್ಕೂ ನಡುವೆ ಒಬ್ಬ ಲಾರಿ ಡ್ರೈವರ್ ಇದ್ದೇ ಇರುತ್ತಾನೆ. ಈಗ ಅವನೇ ಸಿಗುತ್ತಿಲ್ಲ ಎಂಬುದು ಸಾಗಣೆ ಉದ್ಯಮದ ದೊಡ್ಡ ಚಿಂತೆ.

ನಾನು ಬಿಕಾಂ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಅಲ್ಲೇ ನಿವೃತ್ತನಾದವನು. ಬಹಳ ವರ್ಷ ಕೆಲಸ ಮಾಡಿದ್ದು ಸಾಲದ ವಿಭಾಗದಲ್ಲಿ. ಆ ಕಾಲದಲ್ಲಿ ಲಾರಿ ಸಾಲ ಕೇಳಿ ಬರುತ್ತಿದ್ದವರಲ್ಲಿ ಅನೇಕರು ಡ್ರೈವರುಗಳೇ. ಹತ್ತು ವರ್ಷ ಇನ್ನೊಬ್ಬರ ಲಾರಿ ಓಡಿಸಿ, ಹೆಂಡತಿಯ ಬಳೆಯನ್ನೂ ಸೇರಿಸಿ ಮುಂಗಡ ಹಣ ಹೊಂದಿಸಿಕೊಂಡು ಬರುತ್ತಿದ್ದರು. ಲಾರಿ ಸಿಗುವುದು ಕಷ್ಟ, ಓಡಿಸುವವರು ಬೇಕಾದಷ್ಟು ಎನ್ನುವ ಕಾಲ ಅದು. ಈಗ ಲೆಕ್ಕ ತಿರುಗಿದೆ. ನಮ್ಮೂರಿನ ಲಾರಿ ಮಾಲೀಕರೊಬ್ಬರ ಬಳಿ ಆರು ಲಾರಿಗಳಿವೆ. ಓಡುವುದು ನಾಲ್ಕು. ಉಳಿದೆರಡು ಹುಣಸೆಮರದ ಕೆಳಗೆ ನಿಂತಿವೆ. ನಿಂತ ಲಾರಿಗೂ ಬ್ಯಾಂಕಿನ ಕಂತು, ವಿಮೆ, ತೆರಿಗೆ ನಿಲ್ಲುವುದಿಲ್ಲ.

ಇಷ್ಟು ಜನಸಂಖ್ಯೆಯ ದೇಶದಲ್ಲಿ ಡ್ರೈವರುಗಳಿಗೆ ಬರವೇ ಎಂದು ನೀವು ಕೇಳಬಹುದು. ಜನಕ್ಕೆ ಬರವಿಲ್ಲ. ಕಲಿಯುವ ದಾರಿ ಮುಚ್ಚಿದೆ, ಕಲಿತವರು ಉಳಿಯುತ್ತಿಲ್ಲ. ವಿಷಯ ಇಷ್ಟೇ.

ಮುಚ್ಚಿಹೋದ ಶಾಲೆ

ಹಿಂದೆ ಪ್ರತಿ ಲಾರಿಯಲ್ಲೂ ಇಬ್ಬರಿರುತ್ತಿದ್ದರು: ಡ್ರೈವರ್ ಮತ್ತು ಕ್ಲೀನರ್. ಕ್ಲೀನರ್ ಹುಡುಗ ಗಾಜು ಒರೆಸುತ್ತಿದ್ದ, ಚಕ್ರಕ್ಕೆ ಕಲ್ಲು ಕೊಡುತ್ತಿದ್ದ, ಹಗ್ಗ ಬಿಗಿಯುತ್ತಿದ್ದ, ಹಿಂದಕ್ಕೆ ಬರುವಾಗ ಕೆಳಗಿಳಿದು ‘ಬರ್ಲಿ, ಬರ್ಲಿ, ಹೋಲ್ಡಾನ್’ ಎಂದು ಕೂಗುತ್ತಿದ್ದ. ಹಾಗೆ ಮಾಡುತ್ತಲೇ ಟೈರು ಬದಲಿಸುವುದು, ಭಾರ ಹಂಚುವುದು, ಘಟ್ಟ ಇಳಿಯುವಾಗ ಬ್ರೇಕನ್ನೇ ನಂಬದೆ ಕೆಳಗಿನ ಗೇರಿನಲ್ಲಿ ಇಳಿಯುವುದು ಎಲ್ಲವನ್ನೂ ಕಲಿಯುತ್ತಿದ್ದ. ವಯಸ್ಸು ತುಂಬಿದ ಮೇಲೆ ಲೈಸೆನ್ಸ್ ಮಾಡಿಸಿಕೊಂಡು ತಾನೇ ಡ್ರೈವರ್ ಆಗುತ್ತಿದ್ದ. ಕ್ಲೀನರುಗಳಾಗಿ ದುಡಿದವರಲ್ಲಿ ಶಾಲೆಗೆ ಹೋಗಬೇಕಾದ ವಯಸ್ಸಿನ ಹುಡುಗರೂ ಇದ್ದರು, ಬೈಗುಳ ಏಟು ಎರಡೂ ತಿನ್ನುತ್ತಿದ್ದರು. ಅದು ಮತ್ತೆ ಬರಬಾರದು. ಆದರೆ ಕಸುಬು ಕಲಿಸುವ ಶಾಲೆ ಎಂದಿದ್ದದ್ದು ಅದೊಂದೇ.

ಖರ್ಚು ಉಳಿಸಲು ಹೆಚ್ಚಿನ ಮಾಲೀಕರು ಕ್ಲೀನರನ್ನು ಬಿಟ್ಟರು. ರಾಷ್ಟ್ರೀಯ ಪರ್ಮಿಟ್ ಇರುವ ಲಾರಿಯಲ್ಲಿ ಇಬ್ಬರು ಚಾಲಕರಿರಬೇಕು ಎಂಬ ನಿಯಮವನ್ನೂ 2018ರಲ್ಲಿ ಕೈಬಿಡಲಾಯಿತು. ಒಂದು ಸಂಬಳ ಉಳಿಯಿತು. ಅದರ ಜೊತೆಗೆ ಮುಂದಿನ ಡ್ರೈವರ್ ತಯಾರಾಗುವುದೂ ನಿಂತಿತು. ಬಿತ್ತನೆ ಬೀಜ ಮಾರಿಕೊಂಡು ಹಬ್ಬ ಮಾಡಿದ ಹಾಗಾಯಿತು.

ಒಂದು ಲೆಕ್ಕ ಮಾಡೋಣ

ಇನ್ನು ಕಲಿತವರು ಯಾಕೆ ಉಳಿಯುವುದಿಲ್ಲ? ಮಕ್ಕಳೇ, ಪೆನ್ಸಿಲ್ ತೆಗೆದುಕೊಳ್ಳಿ.

ಬೆಂಗಳೂರಿನಿಂದ ದೆಹಲಿಗೆ ಸುಮಾರು 2,160 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ತುಂಬಿದ ಲಾರಿ ಗಂಟೆಗೆ ಸರಾಸರಿ 40 ಕಿಲೋಮೀಟರ್ ಹೋದರೆ 54 ಗಂಟೆ ಬೇಕು. ಮೋಟಾರು ಸಾರಿಗೆ ಕಾರ್ಮಿಕರಿಗಾಗಿ 1961ರಲ್ಲೇ ಬಂದ ಕಾಯ್ದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದಿತ್ತು. 54ನ್ನು 8ರಿಂದ ಭಾಗಿಸಿ. ಪೂರ್ತಿ ಏಳು ದಿನ ಬೇಕು. ಮಾಲು ನಾಲ್ಕು ದಿನದಲ್ಲಿ ತಲುಪಬೇಕು ಎಂದರೆ? ಆಗ ದಿನಕ್ಕೆ ಹದಿಮೂರೂವರೆ ಗಂಟೆ ಸ್ಟೀರಿಂಗ್ ಹಿಡಿಯಬೇಕು. ಊಟ, ಸ್ನಾನ, ಟೈರು ಪಂಕ್ಚರ್, ಗೋದಾಮಿನ ಮುಂದೆ ಸರದಿಗೆ ಕಾಯುವುದು ಇದರಲ್ಲಿ ಸೇರಿಲ್ಲ. ಅದೇ ಇಬ್ಬರು ಡ್ರೈವರುಗಳು ತಲಾ 8 ಗಂಟೆಯಂತೆ ಓಡಿಸಿದರೆ ನಾಲ್ಕನೇ ದಿನ ದೆಹಲಿ ಸಿಗುತ್ತದೆ, ಇಬ್ಬರಿಗೂ ನಿದ್ದೆಯೂ ಸಿಗುತ್ತದೆ.

ಆ ಕಾಯ್ದೆ ಅನ್ವಯವಾಗುತ್ತಿದ್ದದ್ದು ಐದು ಅಥವಾ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳಿಗೆ. ನಮ್ಮ ದೇಶದ ಬಹುಪಾಲು ಲಾರಿಗಳು ಒಂದೋ ಎರಡೋ ಲಾರಿಯ ಸಣ್ಣ ಮಾಲೀಕರವು. ಅಲ್ಲಿ ಗಂಟೆ ಎಣಿಸುವವರು ಯಾರು?

ನನಗೆ ತಿಂಗಳು ತುಂಬಿದರೆ ಪಿಂಚಣಿ ಬರುತ್ತದೆ. ನನ್ನದೇ ವಯಸ್ಸಿನ ಡ್ರೈವರೊಬ್ಬರು ನಮ್ಮ ಬೀದಿಯಲ್ಲಿದ್ದಾರೆ. ಮೂವತ್ತೈದು ವರ್ಷ ಅಸ್ಸಾಮಿನವರೆಗೂ ಲಾರಿ ಓಡಿಸಿದವರು. ಪಿಂಚಣಿ ಇಲ್ಲ, ಉಳಿದಿರುವುದು ಬೆನ್ನುನೋವು. ‘ಮಗನಿಗೆ ಯಾಕೆ ಕಲಿಸಲಿಲ್ಲ?’ ಎಂದು ಕೇಳಿದೆ. ‘ನಾನು ಅವನ ನಾಮಕರಣದಲ್ಲಿ ಇರಲಿಲ್ಲ ಸಾರ್. ಅವನಾದರೂ ತನ್ನ ಮಗನ ನಾಮಕರಣದಲ್ಲಿ ಇರಲಿ’ ಎಂದರು. ಮಗ ಬೆಂಗಳೂರಿನಲ್ಲಿ ಸ್ಕೂಟರಿನಲ್ಲಿ ಊಟದ ಪೊಟ್ಟಣ ತಲುಪಿಸುತ್ತಾನೆ. ದುಡಿತ ಅಲ್ಲೂ ಕಡಿಮೆಯೇನಲ್ಲ, ಆದರೆ ರಾತ್ರಿ ಮನೆಗೆ ಬರುತ್ತಾನೆ.

ಹೊರಗಿನವರ ಪಾಡು

ಇದು ನಮ್ಮೊಬ್ಬರ ಕಥೆಯಲ್ಲ. 2021ರಲ್ಲಿ ಬ್ರಿಟನ್ನಿನಲ್ಲಿ ಟ್ಯಾಂಕರ್ ಓಡಿಸುವವರ ಕೊರತೆಯ ಸುದ್ದಿ ಹಬ್ಬಿ, ಜನ ಗಾಬರಿಯಿಂದ ಪೆಟ್ರೋಲ್ ಬಂಕುಗಳಿಗೆ ಮುಗಿಬಿದ್ದರು. ಬಂಕುಗಳು ಬರಿದಾದವು. ಕೊನೆಗೆ ಸೈನಿಕರೇ ಟ್ಯಾಂಕರ್ ಓಡಿಸಬೇಕಾಯಿತು. ಜಪಾನ್ 2024ರ ಏಪ್ರಿಲ್‌ನಿಂದ ಲಾರಿ ಚಾಲಕರ ಹೆಚ್ಚುವರಿ ದುಡಿಮೆಗೆ ವರ್ಷಕ್ಕೆ 960 ಗಂಟೆಗಳ ಮಿತಿ ಹಾಕಿತು. ಕೊರತೆ ಇನ್ನೂ ಹೆಚ್ಚಾಗುತ್ತದೆ ಎಂದು ಗೊತ್ತಿದ್ದೂ, ಮನುಷ್ಯನ ಪ್ರಾಣ ದೊಡ್ಡದೆಂದು ಹಾಕಿತು.

ಏನು ಮಾಡಬಹುದು?

ಕೆಲವು ಒಳ್ಳೆಯ ಕೆಲಸಗಳು ನಡೆದಿವೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ, ಮೂರೂವರೆ ಟನ್ನಿಗೂ ಮೀರಿದ ಲಾರಿಗಳ ಚಾಲಕರ ಕ್ಯಾಬಿನ್‌ಗೆ ಹವಾನಿಯಂತ್ರಣ ಇರಲೇಬೇಕು. ರಾಯಚೂರಿನ ಮೇ ತಿಂಗಳ ಬಿಸಿಲನ್ನು ಕಂಡವರಿಗೆ ಇದು ಐಷಾರಾಮ ಎನಿಸದು. ಕರ್ನಾಟಕದಲ್ಲಿ ಚಾಲಕರು, ಕ್ಲೀನರುಗಳು ಮುಂತಾದ ಮೋಟಾರು ಕಾರ್ಮಿಕರ ಸಾಮಾಜಿಕ ಭದ್ರತೆಗೆಂದೇ 2024ರಲ್ಲಿ ಕಾಯ್ದೆ ಬಂದಿದೆ. ನಿಮ್ಮ ಪರಿಚಯದ ಚಾಲಕರು ಇದ್ದರೆ, ಕಾರ್ಮಿಕ ಇಲಾಖೆಯಲ್ಲಿ ಹೆಸರು ನೋಂದಾಯಿಸಲು ಹೇಳಿ.

ಇನ್ನೊಂದು ಉಪಾಯ ಮಕ್ಕಳಿಗೆ ಇಷ್ಟವಾಗಬಹುದು: ಲಾರಿಯನ್ನೇ ರೈಲು ಹತ್ತಿಸುವುದು! ಕೊಂಕಣ ರೈಲ್ವೆ 1999ರಿಂದಲೇ ಇದನ್ನು ಮಾಡುತ್ತಿದೆ. ಮಹಾರಾಷ್ಟ್ರದ ಕೋಲಾಡಿಗೂ ನಮ್ಮ ಸುರತ್ಕಲ್ಲಿಗೂ ನಡುವೆ ಲಾರಿಗಳು ರೈಲಿನ ಬೆನ್ನೇರಿ ಸಾಗುತ್ತವೆ. ದಾರಿಯುದ್ದಕ್ಕೂ ಡ್ರೈವರ್ ನೆಮ್ಮದಿಯಾಗಿ ಕಾಲು ಚಾಚಬಹುದು. 2020ರಲ್ಲಿ ನೆಲಮಂಗಲದಿಂದ ಸೊಲ್ಲಾಪುರದ ಬಳಿಯ ಬಾಳೆ ನಿಲ್ದಾಣಕ್ಕೂ ಇಂಥದೇ ಸೇವೆ ಶುರುವಾಯಿತು.

ಆದರೂ ಮುಖ್ಯವಾಗಿ ಬೇಕಾದ್ದು, ಮುಚ್ಚಿದ ಶಾಲೆಯನ್ನು ಮರ್ಯಾದೆಯಿಂದ ಮತ್ತೆ ತೆರೆಯುವುದು. ತಮಿಳುನಾಡಿನ ನಾಮಕ್ಕಲ್ಲಿನಲ್ಲಿ ಲಾರಿ ಕಂಪನಿಯೊಂದು ಸರ್ಕಾರದ ಜೊತೆಗೂಡಿ ಬಹಳ ಹಿಂದೆಯೇ ಚಾಲಕರ ತರಬೇತಿ ಕೇಂದ್ರ ತೆರೆದಿದೆ. ಇಂಥವು ಜಿಲ್ಲೆಗೊಂದು ಬೇಕು. ತರಬೇತಿ ಮುಗಿದ ಮೇಲೆ ಒಂದೆರಡು ವರ್ಷ ಅನುಭವಿ ಡ್ರೈವರ್ ಪಕ್ಕದಲ್ಲಿ ಸಂಬಳ ಪಡೆದೇ ಕಲಿಯುವಂತಾಗಬೇಕು. ಹೆಣ್ಣುಮಕ್ಕಳಿಗೂ ಬಾಗಿಲು ತೆರೆದಿರಬೇಕು. ಕನ್ಯಾಕುಮಾರಿ ಜಿಲ್ಲೆಯ ವಸಂತಕುಮಾರಿ 1993ರಲ್ಲೇ ತಮಿಳುನಾಡು ಸರ್ಕಾರಿ ಬಸ್ಸಿನ ಚಾಲಕಿಯಾದರು. ಭಾರದ ವಾಹನ ಓಡಿಸಲು ಬೇಕಾದದ್ದು ತೋಳಿನ ಬಲಕ್ಕಿಂತ ತಾಳ್ಮೆ. ಆದರೆ ಹೆದ್ದಾರಿಯಲ್ಲಿ ಶುಚಿಯಾದ ಶೌಚಾಲಯ, ಬಾಗಿಲಿಗೆ ಚಿಲಕವಿರುವ ಮಲಗುವ ಕೋಣೆ ಇಲ್ಲದೆ ಅವರನ್ನು ಕರೆಯುವುದು ಬರೀ ಮಾತಾಗುತ್ತದೆ. ಅವು ಗಂಡಸರಿಗೂ ಬೇಕು.

ತಾತಂದಿರಿಗೆ, ಅಜ್ಜಿಯರಿಗೆ ನನ್ನದೊಂದು ವಿನಂತಿ. ‘ಓದದಿದ್ದರೆ ಲಾರಿ ಓಡಿಸಬೇಕಾಗುತ್ತದೆ’ ಎಂದು ಮೊಮ್ಮಕ್ಕಳನ್ನು ಹೆದರಿಸುವುದನ್ನು ಬಿಡೋಣ. ಹದಿನಾರು ಟನ್ ಭಾರ ಹೊತ್ತು ಮಳೆಯಲ್ಲಿ ಶಿರಾಡಿ ಘಾಟಿ ಇಳಿಯುವುದು ದಡ್ಡರ ಕೆಲಸವಲ್ಲ. ಈ ಕೆಲಸಕ್ಕೆ ಲೈಸೆನ್ಸ್ ಬೇಕೆಂದರೆ ಇಪ್ಪತ್ತು ವರ್ಷ ತುಂಬಿರಬೇಕು, ಹಗುರ ವಾಹನದ ಲೈಸೆನ್ಸ್ ಪಡೆದು ಒಂದು ವರ್ಷವಾಗಿರಬೇಕು. ಮೊಮ್ಮಗಳು ಅಥವಾ ಮೊಮ್ಮಗ ‘ನಾನು ಲಾರಿ ಡ್ರೈವರ್ ಆಗುತ್ತೇನೆ’ ಎಂದರೆ ನಗಬೇಡಿ. ‘ಎಷ್ಟು ಗಂಟೆ ಕೆಲಸ, ಎಷ್ಟು ಸಂಬಳ, ಎಲ್ಲಿ ಮಲಗುತ್ತೀ?’ ಎಂದು ಕೇಳಿ. ಈ ಮೂರು ಪ್ರಶ್ನೆಗೂ ಒಳ್ಳೆಯ ಉತ್ತರ ಸಿಗುವ ದಿನ, ಹುಣಸೆಮರದ ಕೆಳಗಿನ ಲಾರಿಗಳು ಹೊರಡುತ್ತವೆ.

ಕಡೆಯಲ್ಲಿ, ಮಕ್ಕಳಿಗೊಂದು ಮನೆಗೆಲಸ. ಹುಬ್ಬಳ್ಳಿಯಿಂದ ಮುಂಬಯಿಗೆ 560 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಲಾರಿಯ ವೇಗ ಗಂಟೆಗೆ 40. ದಿನಕ್ಕೆ 8 ಗಂಟೆಯಷ್ಟೇ ಓಡಿಸುವ ಡ್ರೈವರ್ ಎಷ್ಟನೇ ದಿನ ಮುಂಬಯಿ ಸೇರುತ್ತಾನೆ? ಉತ್ತರ ಬರೆದು ಮನೆಯ ಹಿರಿಯರಿಗೆ ತೋರಿಸಿ. ರಾತ್ರಿ ಅವನು ಎಲ್ಲಿ ಮಲಗಬಹುದು ಎಂಬುದನ್ನೂ ನಕ್ಷೆಯಲ್ಲಿ ಗುರುತು ಮಾಡಿ.