ಕಂಪ್ಯೂಟರ್ ಬಂದರೆ ಸಾಲದು, ಕಲಿಕೆಯೂ ಬರಬೇಕು

ಊರ ಶಾಲೆಗೆ ಕಂಪ್ಯೂಟರ್ ಕೊಡಿಸಲು ಹಳೆ ವಿದ್ಯಾರ್ಥಿ ಸಂಘಗಳೂ ವಿದೇಶದಲ್ಲಿರುವ ದಾನಿಗಳೂ ಸಂತೋಷದಿಂದ ಮುಂದೆ ಬರುತ್ತಾರೆ. ಆದರೆ ಅದರಿಂದ ಮಕ್ಕಳ ಓದು, ಲೆಕ್ಕ ಸುಧಾರಿಸಿತೇ ಎಂದು ನಾವು ಕೇಳುವುದು ಅಪರೂಪ. ಎರಡು ದೇಶಗಳ ಅನುಭವ ಇಲ್ಲಿ ಗಮನಾರ್ಹ.

ದಕ್ಷಿಣ ಅಮೆರಿಕದ ಪೆರು ದೇಶದ ಸರ್ಕಾರವು 'ಪ್ರತಿ ಮಗುವಿಗೊಂದು ಲ್ಯಾಪ್‌ಟಾಪ್' ಯೋಜನೆಯಡಿ ಲಕ್ಷಾಂತರ ಲ್ಯಾಪ್‌ಟಾಪ್‌ಗಳನ್ನು ಹಂಚಿತು. 2009ರಲ್ಲಿ ಆರಂಭವಾದ ಅಧ್ಯಯನವೊಂದರಲ್ಲಿ 319 ಗ್ರಾಮೀಣ ಶಾಲೆಗಳನ್ನು ಪರಿಶೀಲಿಸಲಾಯಿತು. ಸುಮಾರು 15 ತಿಂಗಳ ಬಳಿಕವೂ ಗಣಿತ ಮತ್ತು ಭಾಷೆಯಲ್ಲಿ ಲ್ಯಾಪ್‌ಟಾಪ್ ಪಡೆದ ಶಾಲೆಗಳ ಮಕ್ಕಳು ಉಳಿದವರಿಗಿಂತ ಮುಂದಿರಲಿಲ್ಲ. ಯಂತ್ರವು ಮಗುವಿನ ಕೈಗೆ ಬಂದಿತ್ತು; ಪಾಠ ಮಾಡುವ ಕ್ರಮ ಬದಲಾಗಿರಲಿಲ್ಲ.

ಇದಕ್ಕೆ ವ್ಯತಿರಿಕ್ತವಾದ ಫಲಿತಾಂಶ ನಮ್ಮ ದೆಹಲಿಯಲ್ಲಿ ಕಂಡುಬಂತು. 2015ರಲ್ಲಿ ಸರ್ಕಾರಿ ಶಾಲೆಗಳ 619 ಮಕ್ಕಳನ್ನು ಆರಿಸಿ, ಲಾಟರಿ ಮೂಲಕ ಅರ್ಧದಷ್ಟು ಮಂದಿಗೆ 'ಮೈಂಡ್‌ಸ್ಪಾರ್ಕ್' ಕೇಂದ್ರಗಳಲ್ಲಿ ಉಚಿತ ಪ್ರವೇಶ ನೀಡಲಾಯಿತು. ಆರನೇ ತರಗತಿಯ ಮಗು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಯಷ್ಟು ಹಿಂದಿತ್ತು. ಅಲ್ಲಿನ ತಂತ್ರಾಂಶವು ಮಗುವಿಗೆ ಏನು ಬರುತ್ತದೆ ಎಂದು ಮೊದಲು ಪರೀಕ್ಷಿಸಿ, ಅಲ್ಲಿಂದಲೇ ಪಾಠ ಆರಂಭಿಸುತ್ತಿತ್ತು. ದಿನಕ್ಕೆ 45 ನಿಮಿಷ ಕಂಪ್ಯೂಟರ್, ಇನ್ನು 45 ನಿಮಿಷ ಸಣ್ಣ ಗುಂಪಿನಲ್ಲಿ ಬೋಧಕರ ಸಹಾಯ. ನಾಲ್ಕೂವರೆ ತಿಂಗಳಲ್ಲಿ ಈ ಮಕ್ಕಳು ಗಣಿತದಲ್ಲಿ ಸಾಧಿಸಿದ ಪ್ರಗತಿ ಉಳಿದವರದಕ್ಕಿಂತ ಎರಡು ಪಟ್ಟಿಗೂ ಮಿಕ್ಕಿತ್ತು.

ಕಾರಣ ಸರಳ. ಭಾಗಾಕಾರ ಬಾರದ ಮಗುವಿಗೆ ಏಳನೇ ತರಗತಿಯ ಬೀಜಗಣಿತವನ್ನು ಸ್ಮಾರ್ಟ್ ಬೋರ್ಡಿನಲ್ಲಿ ಬಣ್ಣಬಣ್ಣವಾಗಿ ತೋರಿಸಿದರೂ ಅರ್ಥವಾಗದು. ಅರವತ್ತು ಮಕ್ಕಳ ತರಗತಿಯಲ್ಲಿ ಒಬ್ಬೊಬ್ಬರ ಮಟ್ಟ ಅರಿಯುವುದು ಶಿಕ್ಷಕರಿಗೆ ಕಷ್ಟ. ತಂತ್ರಜ್ಞಾನ ನೆರವಾಗಬೇಕಾದುದು ಇಲ್ಲಿಯೇ.

ಆದುದರಿಂದ ಶಾಲಾ ಆಡಳಿತ ಮಂಡಳಿಯವರು, ಸಂಜೆ ತರಗತಿ ನಡೆಸುವ ಯುವ ಸಂಘಟನೆಯವರು ಖರೀದಿಗೆ ಮುನ್ನ ಈ ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು:

1. ಯಾವ ಮಕ್ಕಳಿಗೆ, ಯಾವ ವಿಷಯದಲ್ಲಿ ಸಹಾಯ ಬೇಕು?
2. ಪಾಠವು ಮಗುವಿಗೆ ತಿಳಿಯುವ ಭಾಷೆಯಲ್ಲಿದೆಯೇ, ಅದರ ಮಟ್ಟಕ್ಕೆ ತಕ್ಕಂತಿದೆಯೇ?
3. ಪಕ್ಕದಲ್ಲಿ ನಿಂತು ಕಲಿಸುವವರು ಯಾರು? ಅವರಿಗೆ ತರಬೇತಿ ಇದೆಯೇ?
4. ವೇಳಾಪಟ್ಟಿಯಲ್ಲಿ ನಿಗದಿತ ಸಮಯವಿದೆಯೇ? ಕೆಟ್ಟರೆ ರಿಪೇರಿಗೆ ಹಣವಿದೆಯೇ?
5. ಆರಂಭದಲ್ಲಿ ಮತ್ತು ಮೂರು ತಿಂಗಳ ನಂತರ ಮಕ್ಕಳನ್ನು ಪರೀಕ್ಷಿಸುವವರು ಯಾರು?

ಇವುಗಳಿಗೆ ಉತ್ತರವಿದ್ದರೆ ಹತ್ತು ಹಳೆಯ ಕಂಪ್ಯೂಟರ್‌ಗಳೂ ಉಪಯೋಗಕ್ಕೆ ಬರುತ್ತವೆ. ಉತ್ತರವಿಲ್ಲದಿದ್ದರೆ ಹೊಸ ಯಂತ್ರಗಳೂ ಬೀಗ ಹಾಕಿದ ಕೋಣೆಯಲ್ಲಿ ಧೂಳು ಹಿಡಿಯುತ್ತವೆ. ಹಿಂದೆ ಬಿದ್ದ ಮಗು ಹಿಂದೆಯೇ ಉಳಿಯುತ್ತದೆ.