ಉಬ್ಬರದ ನೀರು ತಿರುಗಿಸಿದ ಬೀಸುಕಲ್ಲು

ಪ್ರಶ್ನೆ: ಲಂಡನ್ನಿನಲ್ಲಿ ಸಮುದ್ರದ ಉಬ್ಬರ–ಇಳಿತದಿಂದ ನಡೆಯುತ್ತಿದ್ದ ಗಿರಣಿಯೊಂದು ಈಗ ಮ್ಯೂಸಿಯಂ ಆಗಿದೆಯಂತೆ. ಆ ಕಟ್ಟಡದ ವಿಶೇಷವೇನು?

ಉತ್ತರ: ಅದು ಪೂರ್ವ ಲಂಡನ್ನಿನಲ್ಲಿ ಲೀ ನದಿಯ ಮೇಲಿರುವ ‘ಹೌಸ್ ಮಿಲ್’. 1776ರಲ್ಲಿ ಡೇನಿಯಲ್ ಬಿಸನ್ ಅದನ್ನು ಎರಡು ಮನೆಗಳ ನಡುವೆ ಕಟ್ಟಿಸಿದ. ಹೆಸರು ಬಂದದ್ದೂ ಹಾಗೆಯೇ.

ಉಬ್ಬರದಲ್ಲಿ ಮೇಲೇರಿದ ನೀರನ್ನು ತೂಬಿನ ಬಾಗಿಲುಗಳು ತಡೆದು ನಿಲ್ಲಿಸುತ್ತಿದ್ದವು. ಇಳಿತ ಶುರುವಾದ ಮೇಲೆ ಆ ನೀರು ಕಟ್ಟಡದ ಅಡಿಯಲ್ಲೇ ಹರಿದು ನಾಲ್ಕು ಚಕ್ರಗಳನ್ನು ತಿರುಗಿಸುತ್ತಿತ್ತು. ಅವುಗಳ ಬಲದಿಂದ ಹನ್ನೆರಡು ಜೋಡಿ ಬೀಸುಕಲ್ಲುಗಳು ಓಡುತ್ತಿದ್ದವು!

ಹೊರಗಿನಿಂದ ನೋಡಿದರೆ ಇಟ್ಟಿಗೆಯ ಕಟ್ಟಡ. ಒಳಗೆ ಭಾರ ಹೊತ್ತಿರುವುದು ಮಾತ್ರ ಮರದ ಕಂಬ, ತೊಲೆಗಳ ಚೌಕಟ್ಟು. ಇಷ್ಟು ಕಲ್ಲುಗಳು ಒಟ್ಟಿಗೆ ತಿರುಗುವಾಗ ಕಟ್ಟಡವೇ ಅದುರುತ್ತದೆ. ಮರ ತುಸು ಬಾಗಿ ಆ ಅದುರನ್ನು ತಾಳಿಕೊಳ್ಳುತ್ತದೆ. ಅಂತಸ್ತುಗಳ ಜೋಡಣೆಯೂ ಅಷ್ಟೇ ಜಾಣತನದ್ದು. ಧಾನ್ಯವನ್ನು ಮೇಲಿನ ಅಟ್ಟಗಳಲ್ಲಿ ತುಂಬಿಟ್ಟರೆ ತನ್ನ ಭಾರಕ್ಕೆ ತಾನೇ ಕೆಳಗಿನ ಕಲ್ಲುಗಳಿಗೆ ಇಳಿಯುತ್ತಿತ್ತು. ಬೀಸಿದ್ದು ಹೆಚ್ಚಾಗಿ ಪಕ್ಕದ ಮದ್ಯದ ಭಟ್ಟಿಗಳಿಗೆ.

ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯ ನಂತರ, 1941ರ ಹೊತ್ತಿಗೆ ಗಿರಣಿ ನಿಂತಿತು. 1970ರ ದಶಕದಲ್ಲಿ ಕೆಡವುವ ಮಾತು ಬಂದಾಗ ಆಸಕ್ತರು ಅದನ್ನು ಉಳಿಸಿಕೊಂಡರು. ಜಗತ್ತಿನಲ್ಲಿ ಉಳಿದಿರುವ ಉಬ್ಬರದ ಗಿರಣಿಗಳಲ್ಲಿ ಇದೇ ಅತಿ ದೊಡ್ಡದೆಂದು ಹೆಸರಾಗಿದೆ. ಎಲ್ಲ ದಿನವೂ ತೆರೆದಿರುವುದಿಲ್ಲ. ಹೋಗುವವರು ಮೊದಲೇ ವಿಚಾರಿಸಿಕೊಳ್ಳಿ.